ಸೀಸೆ ತೊಳೆದವನು

ಹೆಡ್‌ಮಾಸ್ಟರರ ಕೋಣೆಯ ಮುಂದೆ, ಬೇವಿನ ಮರದ ನೆರಳಿನಲ್ಲಿ ನಿಂತಿದ್ದ ಕಪ್ಪು ಕಾರನ್ನು ಕಂಡ ಕೂಡಲೆ ಲಕ್ಷ್ಮಣಪ್ಪನಿಗೆ ಹಿಂದಕ್ಕೆ ತಿರುಗಿ ಹೋಗಿಬಿಡಬೇಕು ಅನ್ನಿಸಿತು. ಆ ಕಾರಿನ ಗುರುತು ಅವನಿಗೆ ಚೆನ್ನಾಗಿತ್ತು. ಬೆಂಗಳೂರಿನ ಸಂಶೋಧನಾಲಯದಲ್ಲಿದ್ದಾಗ ಬೆಳಿಗ್ಗೆ ಅದು ಗೇಟು ದಾಟಿ ಒಳಗೆ ತಿರುಗುವ ಸದ್ದಿಗೇ ಅವನು ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದ. ಪ್ರೊಫೆಸರರು ಮೆಟ್ಟಿಲು ಹತ್ತಿ ಬರುವುದರೊಳಗೆ ಮೇಜು ಒರೆಸಿ, ಷರಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಈಗ, ಹೊಸೂರಿನ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾಗಿ ಇಷ್ಟು ಕಾಲ ಕಳೆದ ಮೇಲೂ, ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಅದಕ್ಕಾಗಿ ಅವನಿಗೆ ತನ್ನ ಬೆನ್ನಿನ ಮೇಲೆಯೇ ಸಿಟ್ಟು ಬಂತು. ಬೆರಳಿಗೆಲ್ಲ ಸೀಮೆಸುಣ್ಣ ಹತ್ತಿತ್ತು. "ಬೆಂಗಳೂರ್ಲೆ ಇರುಂದು ಪೆರಿಯವರ್ ಯಾರೋ ವಂದಿರುಕ್ಕಾರ್ ಸಾರ್" ಎಂದು, ಬೆಂಗಳೂರಿನಿಂದ ಯಾರೋ ದೊಡ್ಡವರು ಬಂದಿದ್ದಾರೆಂದು, ಜವಾನ ತಮಿಳಿನಲ್ಲಿ ಕರೆದಾಗ ಅವನು ಐದನೇ ಫಾರಮ್ಮಿನ ಹುಡುಗರಿಗೆ ಕ್ಯಾಟಲಿಸ್ಟು ಎಂದರೇನೆಂದು ಬರೆಸುತ್ತಿದ್ದ. ತಾನು ಬದಲಾಗದೆ ಬೇರೆ ಪದಾರ್ಥಗಳು ಬೇಗ ಬದಲಾಗುವಂತೆ ಮಾಡುವ ಪದಾರ್ಥ. ಪುಸ್ತಕದಲ್ಲಿ ಹಾಗೆಯೇ ಇತ್ತು. ತಾನು ಬದಲಾಗದೆ ಎಂಬುದು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಕ್ಯಾಟಲಿಸ್ಟು ದಣಿಯುತ್ತದೆ, ಮಸಿ ಹಿಡಿಯುತ್ತದೆ, ಎಲ್ಲಿಂದಲೋ ಒಂದಿಷ್ಟು ವಿಷ ತಾಗಿದರೆ ಸತ್ತೇ ಹೋಗುತ್ತದೆ. ಆದರೆ ಪರೀಕ್ಷೆಯಲ್ಲಿ ಕೇಳುವುದು ಪುಸ್ತಕದಲ್ಲಿರುವುದನ್ನು. ಬರೆದುಕೊಳ್ಳಿ ಎಂದಿದ್ದ.

ಬಾಗಿಲ ಬಳಿ ನಿಂತು ಅವನು ಕೆಮ್ಮಿದ. ಕೆಮ್ಮು ಬಂದಿರಲಿಲ್ಲ, ಆದರೂ ಕೆಮ್ಮಿದ. ಬೆಂಗಳೂರು ಬಿಟ್ಟು ತನ್ನೂರಾದ ಗುಮ್ಮಳಾಪುರಕ್ಕೆ ಬಂದ ಹೊಸದರಲ್ಲಿ ಅವನ ಹೆಂಡತಿ ಶ್ಯಾಮಲಮ್ಮ ಊರವರಿಗೆಲ್ಲ ಹೇಳಿದ್ದಳು, ಗ್ಯಾಸಿನ ಹೊಗೆ ಎದೆಗೆ ಹಿಡಿದುಬಿಟ್ಟಿತು, ಡಾಕ್ಟರು ಆ ಕೆಲಸ ಬೇಡವೇ ಬೇಡ ಅಂದುಬಿಟ್ಟರು ಎಂದು. ಆಮೇಲೆ ಜನ ಸಿಕ್ಕಾಗಲೆಲ್ಲ ಎದೆ ಹೆಂಗದೆ ಎಂದು ಕೇಳತೊಡಗಿದರು. ಕೇಳಿದಾಗ ಕೆಮ್ಮದಿದ್ದರೆ ಹೆಂಡತಿಯ ಮಾತು ಸುಳ್ಳಾಗುತ್ತದಲ್ಲ ಎಂದು ಅವನು ಸ್ವಲ್ಪ ಕೆಮ್ಮುತ್ತಿದ್ದ. ಹೀಗೆ ಕೆಮ್ಮಿ ಕೆಮ್ಮಿ, ಈಗ ಯಾರಾದರೂ ದೊಡ್ಡವರು ಎದುರಾದರೆ ಗಂಟಲು ತಾನಾಗಿ ಕೆರೆಯುತ್ತಿತ್ತು.

"ಏನಯ್ಯ ಲಕ್ಷ್ಮಣಪ್ಪ, ಬಹಳ ಇಳಿದುಹೋಗಿದ್ದೀಯಲ್ಲ" ಎಂದರು ಪ್ರೊಫೆಸರರು.

ಅವರು ಹೆಡ್‌ಮಾಸ್ಟರರ ಕುರ್ಚಿಯಲ್ಲಿ ಕುಳಿತಿದ್ದರು. ಹೆಡ್‌ಮಾಸ್ಟರರು ಬೆಂಚಿನ ತುದಿಯಲ್ಲಿದ್ದರು. ಅದೇ ಜರಿಯಂಚಿನ ಪೇಟ, ಅದೇ ಮುಚ್ಚುಗೊರಳಿನ ಕೋಟು. ಲಕ್ಷ್ಮಣಪ್ಪ ಅವರ ಮುಖವನ್ನಲ್ಲ, ಅವರ ಬಾಯಿಂದ ಬಂದ ಏಕವಚನವನ್ನು ಗಮನಿಸಿದ. ಪ್ರೊಫೆಸರರು ಪ್ರಸನ್ನರಾಗಿದ್ದರೆ ನೀನು ಎನ್ನುತ್ತಿದ್ದರು. ಮನಸ್ಸು ಮುರಿದರೆ ನೀವು. ಅವನ ಪಾಲಿಗೆ ಕೊನೆಯ ಕೆಲವು ತಿಂಗಳು ಬರೀ ನೀವು ಆಗಿತ್ತು. ಆ ಬಹುವಚನದ ತಣ್ಣಗಿನ ಮರ್ಯಾದೆಯನ್ನು ತಾಳಲಾರದೆಯೇ ಅವನು ಡಾಕ್ಟರೇಟು ಅರ್ಧಕ್ಕೆ ಬಿಟ್ಟು ಟ್ರಂಕು ಕಟ್ಟಿಕೊಂಡು ಬಂದದ್ದು. ಈಗ ಮತ್ತೆ ನೀನು. ಅವನ ಎದೆಯೊಳಗೆ ಏನೋ ನಾಯಿಯಂತೆ ಬಾಲ ಅಲ್ಲಾಡಿಸಿತು. ಥೂ ಅಂದುಕೊಂಡ.

ಪ್ರೊಫೆಸರರಿಗೆ ಇದ್ದಲು ಬೇಕಾಗಿತ್ತು. ಜವಳಗಿರಿ ಕಾಡಿನಲ್ಲಿ ಸುಟ್ಟ ಮರದಿದ್ದಲು ಬಹಳ ಶುದ್ಧ ಎಂದು ಯಾರೋ ಹೇಳಿದ್ದರಂತೆ. ಸ್ವತಃ ನೋಡಿ ಗೊತ್ತುಮಾಡಿಕೊಳ್ಳಲು ಹೊರಟಿದ್ದರು. "ಅಲ್ಲಿಯೋರು ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಮಾತಾಡ್ತಾರಂತೆ. ನಮ್ಮ ಡ್ರೈವರಿಗೆ ತಿಳಿಯೋದಿಲ್ಲ. ನೀನು ಆ ಕಡೆಯವನೇ ಅಲ್ಲವೆ? ಬಾ, ಹೋಗಿಬರೋಣ." ಹೆಡ್‌ಮಾಸ್ಟರರು ಕೇಳುವ ಮೊದಲೇ ರಜಾ ಕೊಟ್ಟುಬಿಟ್ಟರು.

ಕಾರಿನ ಹತ್ತಿರ ಅವನು ಒಂದು ಕ್ಷಣ ತಡೆದು ನಿಂತ. ಹಿಂದಿನ ಸೀಟಿನಲ್ಲಿ ಚರ್ಮದ ಚೀಲ, ಟಿಫಿನ್ ಕ್ಯಾರಿಯರು, ನೀರಿನ ಕೂಜ ಇದ್ದವು. ಪ್ರೊಫೆಸರರು ಹತ್ತಿ ಕುಳಿತು ಚೀಲದ ಮೇಲೆ ಕೈಯಿಟ್ಟುಕೊಂಡರು, ಅದನ್ನು ಸರಿಸಲಿಲ್ಲ. ಅವನು ಮುಂದೆ, ಡ್ರೈವರನ ಪಕ್ಕದಲ್ಲಿ ಕುಳಿತ. ತಳಿ ಊರಿನ ದಾರಿಯುದ್ದಕ್ಕೂ ಅವರು ಏನಾದರೂ ಕೇಳಿದಾಗಲೆಲ್ಲ ಕತ್ತು ತಿರುಗಿಸಿ ಉತ್ತರ ಹೇಳಬೇಕಾಯಿತು. ರಾಗಿ ಕೊಯ್ದು ಬರಿದಾದ ಹೊಲಗಳು, ಬಂಡೆಗಳು, ಕುರಿಮಂದೆಗಳು. ಇದ್ದಲ ಗ್ಯಾಸಿನ ಬಸ್ಸೊಂದು ಏರಿನಲ್ಲಿ ಏದುಸಿರು ಬಿಡುತ್ತ ನಿಂತಿತ್ತು, ಜನ ಇಳಿದು ತಳ್ಳುತ್ತಿದ್ದರು. ಸರಕಾರದ ಚೀಟಿಯ ಪೆಟ್ರೋಲು ಕುಡಿದ ಪ್ರೊಫೆಸರರ ಕಾರು ಅದರ ಪಕ್ಕದಲ್ಲಿ ಧೂಳೆಬ್ಬಿಸುತ್ತ ಹಾಯಿತು. ಇಷ್ಟು ದೂರ ಬಂದದ್ದು ಬರೀ ಇದ್ದಲಿಗಾಗಿಯೆ? ಇದ್ದಲಿಗೆ ಒಬ್ಬ ಗುಮಾಸ್ತೆಯನ್ನು ಕಳಿಸಿದರೆ ಸಾಕಿತ್ತು. ತನ್ನನ್ನು ಕರೆಯಲೆಂದೇ ಬಂದಿರಬಹುದು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಆದರೂ ಮತ್ತೆ ಅಂದುಕೊಂಡ.

ಕೆಂಡವಾದ ಇದ್ದಲಿನ ಮೇಲೆ ನೀರಿನ ಹಬೆ ಹಾಯಿಸಿದರೆ ಒಂದು ಗ್ಯಾಸು ಬರುತ್ತದೆ. ಆ ಗ್ಯಾಸನ್ನು ಬಿಸಿ ಕೊಳವೆಯಲ್ಲಿ ತುಂಬಿದ ಕರಿಯ ಪುಡಿಯೊಂದರ ಮೂಲಕ ಕಳಿಸಿದರೆ ಆಚೆ ತುದಿಯಲ್ಲಿ ಪೆಟ್ರೋಲಿನಂಥ ಎಣ್ಣೆ ಇಳಿಯುತ್ತದೆ. ಜರ್ಮನಿಯವರು ಮಾಡಿದ್ದರು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದ ಮೇಲೆ ಅದು ಎಲ್ಲರಿಗೂ ಬೇಕಾಯಿತು. ಕೆಲಸವೆಲ್ಲ ಆ ಪುಡಿಯದು, ಅದೇ ಕ್ಯಾಟಲಿಸ್ಟು. ಅದನ್ನು ಹದವಾಗಿ ಇಳಿಸಿ, ತೊಳೆದು, ಒಣಗಿಸಿ, ಕಾಯಿಸುವುದರಲ್ಲಿ ಲಕ್ಷ್ಮಣಪ್ಪ ತನ್ನ ಕಣ್ಣನ್ನೂ ಹೊಟ್ಟೆಯನ್ನೂ ಕೆಡಿಸಿಕೊಂಡಿದ್ದ. ಎಷ್ಟೋ ಸಲ ಬರೀ ನೀರು ಬಂತು. ಒಂದು ಮಧ್ಯಾಹ್ನ ಕೊಳವೆಯ ತುದಿಯ ಸೀಸೆಯಲ್ಲಿ ನೀರಿನ ಮೇಲೆ ಬೇರೆಯೇ ಒಂದು ಪದರ ಹೊಳೆಯಿತು. ಪ್ರೊಫೆಸರರು ಬಂದು ಅದರ ನಾಕು ಹನಿಯನ್ನು ಗಾಜಿನ ಮೇಲೆ ಹಾಕಿ ಕಡ್ಡಿ ಗೀರಿದರು. ಹಳದಿ ಜ್ವಾಲೆ ಎದ್ದಿತು. ಅವರು ಅವನ ಹೆಗಲ ಮೇಲೆ ಕೈಯಿಟ್ಟು, "ಭೇಷ್ ಕಣಯ್ಯ, ಗೆದ್ದೆ ನೀನು" ಎಂದರು. ಗುಮ್ಮಳಾಪುರದ ಬೇಸಾಯಗಾರನ ಮಗನ ಹೆಗಲ ಮೇಲೆ ಆ ಕೈ. ಅವತ್ತು ಅವನು ಸಂಜೆಯವರೆಗೆ ಆ ಹೆಗಲನ್ನು ಯಾವುದಕ್ಕೂ ತಾಗಿಸದೆ ಓಡಾಡಿದ.

ಆಮೇಲೆ ಅಪ್ಪ ಸತ್ತ ಸುದ್ದಿ ಬಂತು. ಕರ್ಮಾಂತರ ಮುಗಿಸಿ, ಬೋಳಿಸಿದ ತಲೆಯಲ್ಲಿ ಅವನು ಬೆಂಗಳೂರಿಗೆ ಮರಳಿದಾಗ ದಿಲ್ಲಿಯಿಂದ ದೊಡ್ಡ ದೊಡ್ಡ ಜನ ಎಣ್ಣೆ ನೋಡಲು ಬಂದು ಕುಳಿತಿದ್ದರು. ಕೊಳವೆ ಕಾಯುತ್ತಿತ್ತು, ಗ್ಯಾಸು ಹಾಯುತ್ತಿತ್ತು. ಸೀಸೆಯಲ್ಲಿ ಇಳಿದದ್ದು ನೀರು, ಬರೀ ನೀರು. ಆ ದಿನ ಕಳೆಯಿತು, ಮರುದಿನವೂ ನೀರು. ದಿಲ್ಲಿಯವರಲ್ಲೊಬ್ಬ ಎದ್ದು ನಿಂತು, ಬೆಂಗಳೂರಿನ ನೀರು ಸಿಹಿಯಂತೆ, ಕುಡಿದು ನೋಡೋಣವೆ ಎಂದ. ಎಲ್ಲರೂ ನಕ್ಕರು. ಪ್ರೊಫೆಸರರೂ ನಕ್ಕರು. ಬೋಳುತಲೆಯ ಮೇಲೆ ಬೆವರು ಇಳಿಯುತ್ತಿರಲು ಲಕ್ಷ್ಮಣಪ್ಪನೂ ನಕ್ಕ. ಆಮೇಲೆ ಹೊಸ ಪುಡಿ ಮಾಡಿದ, ಮತ್ತೊಂದು ಮಾಡಿದ, ಅದೇ ಕೊಳವೆ, ಅದೇ ಕೈ. ಒಂದು ಹನಿ ಎಣ್ಣೆ ಬರಲಿಲ್ಲ. ಕೊನೆಗೊಂದು ದಿನ ಪ್ರೊಫೆಸರರು ಅವನನ್ನು ಕೋಣೆಗೆ ಕರೆಸಿ ಕೂರಿಸದೆ ಕೇಳಿದರು: "ಮೊದಲನೇ ಸಲ ಎಣ್ಣೆ ಬಂದಾಗ ಸೀಸೇನ ಯಾವುದರಲ್ಲಿ ತೊಳೆದಿದ್ರಿ?" ಪೆಟ್ರೋಲಿನಲ್ಲಿ ಸಾರ್, ಎಂದ. ಜಿಡ್ಡು ಹಿಡಿದ ಗಾಜನ್ನು ಎಲ್ಲರೂ ತೊಳೆಯುತ್ತಿದ್ದದ್ದು ಪೆಟ್ರೋಲಿನಲ್ಲಿಯೇ. "ಒಣಗಿತ್ತೋ?" ಒಣಗಿತ್ತು ಸಾರ್, ಎಂದ, ಅವರು ಸುಮ್ಮನೆ ನೋಡುತ್ತಲೇ ಇದ್ದರು, ಒಣಗಿರಬೇಕು ಸಾರ್, ಎಂದ. "ಏನಾದರೂ ಸೇರಿರಬಹುದೇನ್ರಿ?" ಆ ನೋಟದಿಂದ ಒಮ್ಮೆ ಪಾರಾದರೆ ಸಾಕು ಎನ್ನಿಸಿ, "ಸೇರಿರಬಹುದು ಸಾರ್" ಎಂದುಬಿಟ್ಟ. ಸಾಯಂಕಾಲದೊಳಗೆ ಕಾರಿಡಾರಿನಲ್ಲೆಲ್ಲ ಮಾತು ಹಬ್ಬಿತ್ತು: ಲಕ್ಷ್ಮಣಪ್ಪನ ಸಂಶೋಧನೆ ಗೊತ್ತಾ, ಪೆಟ್ರೋಲಿನಿಂದ ಪೆಟ್ರೋಲು.

ಪೂರ್ತಿ ಒಣಗಿರಲಿಕ್ಕಿಲ್ಲ ಎಂಬುದರಿಂದ ತನ್ನ ಮೇಲೆಯೇ ಅವನ ಅನುಮಾನ ಶುರುವಾಯಿತು. ತಳದಲ್ಲಿ ಸ್ವಲ್ಪ ಉಳಿದಿತ್ತೇನೋ. ಉಳಿದದ್ದು ಕಂಡಿತ್ತೇನೋ. ಕಂಡೂ ಸುಮ್ಮನಿದ್ದೆನೇನೋ. ಊರಿಗೆ ಬಂದು ಜಗಲಿಯ ಮೇಲೆ ಕುಳಿತ ದಿನಗಳಲ್ಲಿ ಅವನ ಮನಸ್ಸು ಅದೇ ಸೀಸೆಯ ಸುತ್ತ ತಿರುಗಿ ತಿರುಗಿ, ಒಂದು ದಿನ ಅವನಿಗೆ ಸ್ಪಷ್ಟವಾಗಿ ಕಂಡಿತು: ತನ್ನ ಬಲಗೈ, ಪೆಟ್ರೋಲಿನ ಬುಡ್ಡಿ, ಓರೆ ಮಾಡಿದ ಸೀಸೆ, ಸಣ್ಣಗೆ ಇಳಿಯುವ ಧಾರೆ. ಎಷ್ಟು ಸ್ಪಷ್ಟವೆಂದರೆ ಬುಡ್ಡಿಯ ಬಿರಡೆಯನ್ನು ಕಿರುಬೆರಳಿನಲ್ಲಿ ಹಿಡಿದುಕೊಂಡಿದ್ದೂ ಕಂಡಿತು. ಶ್ಯಾಮಲಮ್ಮ ರಾಗಿ ಕೇರುತ್ತಿದ್ದಳು. "ಆ ಸೀಸೆಗೆ ನಾನೇ ಉಯ್ದೆ ಕಣೆ" ಎಂದ. ಮೊರ ನಿಂತಿತು. ಅವನು ಕಾದ. ನೀವಾ, ನೀವು ಅಂಥೋರಲ್ಲ ಎನ್ನುತ್ತಾಳೆ, ಎದ್ದು ಬಂದು ಮೈ ಅಲುಗಿಸಿ ಬಯ್ಯುತ್ತಾಳೆ ಎಂದು ಕಾದ. ಅವಳು, "ಯಾರ್ಗಾದ್ರೂ ಗೊತ್ತಾ?" ಎಂದಳು. ಇಲ್ಲ, ಎಂದ. "ಗೊತ್ತಾಗ್ಬಾರ್ದು" ಎಂದಳು. ಮೊರ ಮತ್ತೆ ಆಡತೊಡಗಿತು. ಅಷ್ಟು ಸುಲಭವಾಗಿ ನಂಬಿದಳಲ್ಲ ಎಂಬುದು ಅವನಿಗೆ ದಿಲ್ಲಿಯವರ ನಗೆಗಿಂತ ಹೆಚ್ಚಾಗಿ ನಾಟಿತು. ಅಂದಿನಿಂದ ಅವಳು ಆ ಗುಟ್ಟನ್ನು ಕೆಂಡದಂತೆ ಮಡಿಲಲ್ಲಿ ಕಟ್ಟಿಕೊಂಡಳು. ಎದೆಗೆ ಹೊಗೆ ಹಿಡಿದ ಕತೆ ಕಟ್ಟಿದವಳು ಅವಳೇ. ಬೆಂಗಳೂರಿನಲ್ಲಿ ನಡೆದ ತಮ್ಮನ ಮದುವೆಗೂ ಹೋಗಲಿಲ್ಲ, ಅಲ್ಲಿ ಸಂಶೋಧನಾಲಯದವರು ಯಾರಾದರೂ ಸಿಕ್ಕಿ ಬಾಯಿ ಬಿಟ್ಟರೆ ಎಂದು. ಆನೇಕಲ್ಲಿನ ತವರಿನವರು ಇಂದಿಗೂ ಅವಳೊಂದಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ.

ಜವಳಗಿರಿಯಲ್ಲಿ ಮುತ್ತುಗ ಹೂ ಬಿಟ್ಟು ಕಾಡಿನಂಚು ಕೆಂಪಾಗಿತ್ತು. ಇದ್ದಲಿನ ಕಂಟ್ರಾಕ್ಟು ಹಿಡಿದಿದ್ದ ರಾಮಾಂಜಿನಪ್ಪ ಗುಮ್ಮಳಾಪುರದವನು, ಲಕ್ಷ್ಮಣಪ್ಪನ ಜೊತೆ ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವನು. ಕಾರನ್ನು ಕಂಡು ಓಡಿಬಂದವನು ಪ್ರೊಫೆಸರರಿಗೆ ಎರಡು ಕೈಯೆತ್ತಿ ಮುಗಿದು, ಮುಂದಿನ ಬಾಗಿಲಿನಿಂದ ಇಳಿದವನ ಗುರುತು ಹತ್ತಿ ಗಟ್ಟಿಯಾಗಿ ನಕ್ಕ.

"ಏನ್ಲಾ ಲಕ್ಷ್ಮಣ, ನೀನಾ! ಎದೆ ಹೆಂಗೈತ್ಲಾ? ಇದ್ಲಾಗೆ ಪೆಟ್ರೋಲು ತೆಗೀತೀನಿ ಅಂತ ಹೋಗಿದ್ದೆ. ಈಗ ಇದ್ಲು ತಕ್ಕೊಂಡೋಗಾಕೆ ಬಂದ್ಬುಟ್ಟಾ?"

ಲಕ್ಷ್ಮಣಪ್ಪ ಕೆಮ್ಮಿದ. ವೇಗದ ಆ ಮಾತು ಕಿವಿಗೆ ಹತ್ತದೆ ಪ್ರೊಫೆಸರರು ಇಂಗ್ಲಿಷಿನಲ್ಲಿ, ಏನಂತಾನೆ, ಎಂದು ಕೇಳಿದರು. ಮಾಲು ಚೆನ್ನಾಗಿದೆ ಅಂತಾನೆ ಸಾರ್, ಎಂದ. ಮುಂದೆ ಪ್ರೊಫೆಸರರು ಕೇಳಿದ್ದನ್ನು ರಾಮಾಂಜಿನಪ್ಪನಿಗೆ, ಅವನು ಹೇಳಿದ್ದನ್ನು ಅವರಿಗೆ ದಾಟಿಸುತ್ತ ರಾಶಿಯಿಂದ ರಾಶಿಗೆ ನಡೆದ. ಯಾವ ಮರ, ಎಷ್ಟು ದಿನ ಮುಚ್ಚಿ ಸುಡುತ್ತಾರೆ, ಆನೆ ಬಂದರೆ ಏನು ಮಾಡುತ್ತಾರೆ. ರಾಮಾಂಜಿನಪ್ಪ ಅವನನ್ನು ಪ್ರೊಫೆಸರರ ರೈಟರು, ಲೆಕ್ಕ ಬರೆಯುವವನು, ಎಂದೇ ತಿಳಿದ. ತೂಕದ ಮಾತು ಬಂದಾಗ, "ನಿಮ್ ದಣಿಗಳಿಗೆ ನೀನೇ ಒಸಿ ಸರ್ಯಾಗೇಳ್ಲಾ, ನಿಂಗೂ ಏನಾರ ನೋಡಾನ" ಎಂದು ಕಣ್ಣು ಮಿಟುಕಿಸಿದ. ಇಲ್ಲ ಕಣೋ, ನಾನು ರೈಟರಲ್ಲ, ಎಂದು ಹೇಳಲು ಹೊರಟ ಲಕ್ಷ್ಮಣಪ್ಪ, ಹಾಗಾದರೆ ಏನು ಎಂದು ತನ್ನನ್ನೇ ಕೇಳಿಕೊಂಡು ಮುಂದಿನ ರಾಶಿಗೆ ನಡೆದ.

ಪ್ರೊಫೆಸರರು ಒಂದು ಇದ್ದಲನ್ನು ಮುರಿದು ಮೂಸಿ, ಒಡಕಿನ ಹೊಳಪನ್ನು ಬಿಸಿಲಿಗೆ ಹಿಡಿದು ನೋಡಿ ಹಿಗ್ಗಿದರು. ಹುಣಿಸೆ ಮರದ ಕೆಳಗೆ ಟಿಫಿನ್ ಕ್ಯಾರಿಯರು ಬಿಚ್ಚಿ ಅವನಿಗೆ ಅರ್ಧ ಬೆನ್ನು ಮಾಡಿ ಊಟಕ್ಕೆ ಕುಳಿತರು. ಅವನು ದೂರದಲ್ಲಿ ಒಂದು ಬೊಡ್ಡೆಯ ಮೇಲೆ ಕುಳಿತು ಹರಳುಗಲ್ಲುಗಳನ್ನು ಕಾಲಿನಿಂದ ಸರಿಸುತ್ತಿದ್ದ. ಕೈ ತೊಳೆದು ಬಂದು ಅವರು ಹೇಳಿದರು:

"ನಿನಗೆ ಹೇಳೋದೇ ಮರೆತೆ. ನಿನ್ನ ಪುಡಿ ಕೆಲಸ ಮಾಡುತ್ತೆ ಕಣಯ್ಯ."

ಅವನಿಗೆ ಅರ್ಥವಾಗಲಿಲ್ಲ. ಯಾವ ಪುಡಿ ಸಾರ್, ಎಂದ.

"ನಿನ್ನದೇ. ಹೊಸ ಕಟ್ಟಡಕ್ಕೆ ಹೋದೆವಲ್ಲ, ಅಲ್ಲಿ ಕೊಳವೆ, ಗ್ಯಾಸಿನ ಟ್ಯಾಂಕು ಎಲ್ಲ ಹೊಸದು. ಬೀರುವಿನಲ್ಲಿ ನೀನು ಬಿಟ್ಟುಹೋದ ಪುಡಿ ಇತ್ತು. ಸುಮ್ಮನೆ ಹಾಕಿ ನೋಡಿದರು ಹುಡುಗರು. ಧಾರಾಳವಾಗಿ ಎಣ್ಣೆ! ಆಮೇಲೆ ಯೋಚನೆ ಮಾಡಿದರೆ ತಿಳೀತು. ನೀನು ಊರಿಗೆ ಹೋಗಿದ್ದಾಗ ನಾನು ಗ್ಯಾಸಿನ ಒಲೆಗೆ ಮರದಿದ್ದಲು ಬಿಡಿಸಿ ಕೋಕು ಹಾಕಿಸಿದ್ದೆ. ದಿಲ್ಲಿಯೋರಿಗೆ ಕಲ್ಲಿದ್ದಲ ಕೋಕಿನಲ್ಲಿ ಮಾಡಿ ತೋರಿಸಿದರೆ ಮೆಚ್ತಾರೆ ಅಂತ. ಕೋಕಿನ ಗಂಧಕ ಗ್ಯಾಸು ತುಂಬೋ ಟ್ಯಾಂಕಿನ ನೀರಿಗೆಲ್ಲ ಇಳಿದುಬಿಟ್ಟಿತ್ತು. ಆ ವಿಷಕ್ಕೆ ಯಾವ ಪುಡಿ ಹಾಕಿದರೂ ಸಾಯ್ತಿತ್ತು. ಆಗ ಯಾರಿಗೂ ಹೊಳೀಲಿಲ್ಲ ನೋಡು." ಅವರು ನಕ್ಕರು, ಹಳೆಯದೊಂದು ತಮಾಷೆ ನೆನೆದವರಂತೆ.

ಮರದ ಮೇಲೆ ಯಾವುದೋ ಹಕ್ಕಿ ಒಂದೇ ಸಮನೆ ಕುಟುಕುತ್ತಿತ್ತು. ಲಕ್ಷ್ಮಣಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಉಗುರಿನ ಸಂದಿಗೆ ಇದ್ದಲ ಮಸಿ. ಹಾಗಾದರೆ ಆ ಬುಡ್ಡಿ? ಆ ಧಾರೆ? ಕಿರುಬೆರಳಿನ ಬಿರಡೆ? ಈಗ ಅದು ಕರಗಿಹೋಗುತ್ತದೆ ಎಂದು ಕಣ್ಣು ಮುಚ್ಚಿದ. ಕರಗಲಿಲ್ಲ. ಮೊದಲಿನಷ್ಟೇ ನಿಚ್ಚಳವಾಗಿ ನಿಂತಿತ್ತು.

"ಯಾವಾಗ ಗೊತ್ತಾಯಿತು ಸಾರ್?"

"ಎರಡು ವರ್ಷದ ಮೇಲಾಯಿತೇನೋ."

ಎರಡು ವರ್ಷ. ಎರಡು ವರ್ಷದಲ್ಲಿ ಅವನು ಎಷ್ಟು ಸಲ ಕೆಮ್ಮಿದ್ದ. ಶ್ಯಾಮಲಮ್ಮನ ತಮ್ಮನ ಮದುವೆ ಆದದ್ದು ಕಳೆದ ವರ್ಷ. ಅವನಿಗೆ ಎದ್ದು ನಿಂತು ಕಿರುಚಬೇಕೆನಿಸಿತು, ಆದರೆ ನಾಲಿಗೆ ತನ್ನ ಹಳೆಯ ಅಭ್ಯಾಸದಂತೆ, "ಒಳ್ಳೇದಾಯಿತು ಸಾರ್" ಎಂದಿತು.

"ಅದಕ್ಕೇ ಹೇಳ್ತಿದ್ದೀನಿ, ನೀನು ಬಂದುಬಿಡು. ನಿನ್ನ ಕೈಕೆಳಗೆ ಕಲಿಯೋಕೆ ಒಬ್ಬ ಹುಡುಗ ಬಂದಿದ್ದನಲ್ಲ, ಈಗ ಅವನು ಡಾಕ್ಟರಾಗಿದ್ದಾನೆ, ಕೆಲಸ ನೋಡಿಕೊಳ್ತಿರೋನು ಅವನೇ. ಆದರೆ ಪುಡಿ ಮಾಡೋದು ಅವನ ಕೈಗೆ ಒಗ್ಗುತ್ತಿಲ್ಲ. ನಿನ್ನ ಹಳೇದು ಮುಗೀತಾ ಬಂತು. ಅಸಿಸ್ಟೆಂಟು ಅಂತ ಒಂದು ಜಾಗ ಮಾಡಿಕೊಡ್ತೀನಿ. ಡಾಕ್ಟರೇಟಿನ ಅವಧಿಯಂತೂ ಮುಗಿದುಹೋಯಿತು, ಅದಕ್ಕೇನೂ ಮಾಡೋಕಾಗಲ್ಲ. ಈ ಕೆಲಸವೆಲ್ಲ ಪುಸ್ತಕವಾಗಿ ಬರುವಾಗ ನಿನ್ನ ಮೊದಲನೇ ಅಂಕಿಗಳನ್ನೂ ಹಾಕಿ, ಹೆಸರು ಸೂಚಿಸೋಣ."

ತಾನು ಬೇಡ ಎನ್ನಬೇಕು. ತನ್ನ ಪುಡಿಯಿಂದ ಡಾಕ್ಟರಾದ ಆ ಹುಡುಗನ ಕೈಕೆಳಗೆ, ಅವನು ಮೆಟ್ಟಿಲು ಹತ್ತುವ ಸದ್ದಿಗೆ ಎದ್ದು ನಿಲ್ಲಬೇಕು. ಬೇಡ ಎನ್ನಬೇಕು. ಆದರೆ ಕೊಳವೆಯ ಬಿಸಿ, ನೀರಿನ ಮೇಲೆ ಹೊಳೆಯುವ ಆ ಪದರ ನೆನಪಾಗಿ ಅವನ ಅಂಗೈ ಬೆವರಿತು. ಹೋಗುತ್ತೇನೆ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಮರಳುವ ದಾರಿಯಲ್ಲಿ, ಮುಂದಿನ ಸೀಟಿನಿಂದ ಕತ್ತು ತಿರುಗಿಸಿ, ಬಹಳ ಹೊತ್ತು ಒಳಗೇ ಉರುಳಿಸಿದ ಮಾತನ್ನು ಹೇಳಿದ:

"ಸಾರ್, ಒಂದು ಉಪಕಾರ ಮಾಡ್ಬೇಕು. ನಮ್ಮ ಮನೆ ಈಗ ಆಲಸನತ್ತಂನಲ್ಲಿದೆ, ಹೊಸೂರಿಗೆ ಮೊಗ್ಗಲಲ್ಲೇ. ಒಂದು ಗಳಿಗೆ ಬಂದು ನಮ್ಮ ಮನೆಯವರ ಹತ್ತಿರ ನೀವೇ ಒಂದು ಮಾತು ಹೇಳಿ."

"ಏನಂತ?"

"ಈಗ ಹೇಳಿದ್ರಲ್ಲ, ಅದೇ. ತಪ್ಪು ನನ್ನದಲ್ಲ ಅಂತ."

ಪ್ರೊಫೆಸರರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಗಡಿಯಾರ ನೋಡಿಕೊಂಡು, ಆಗಲಯ್ಯ, ಎಂದರು.

ಶ್ಯಾಮಲಮ್ಮ ಬಾವಿಯಿಂದ ಬರುತ್ತಿದ್ದಳು. ಕಾರನ್ನೂ ಪೇಟವನ್ನೂ ಕಂಡವಳೇ ಕೊಡವನ್ನು ಸೊಂಟದ ಮೇಲೆಯೇ ಹಿಡಿದು ನಿಂತುಬಿಟ್ಟಳು. ಅವಳ ಮುಖ ಬಿಳುಪೇರಿದ್ದನ್ನು ಲಕ್ಷ್ಮಣಪ್ಪ ನೋಡಿದ. ಬೆಂಗಳೂರಿನವರು ಕೊನೆಗೂ ಹುಡುಕಿಕೊಂಡು ಬಂದರು ಎಂದು ಅವಳು ತಿಳಿದಿದ್ದಾಳೆ. "ಹೆದರ್ಬೇಡ, ಒಳ್ಳೆ ಸುದ್ದಿ" ಎಂದು ಮೆಲ್ಲಗೆ ಹೇಳಿದ. ಅವಳು ಒಳಗೆ ಓಡಿ ಕುರ್ಚಿ ತಂದು ಜಗಲಿಯ ಮೇಲೆ ಹಾಕಿದಳು. ಪಕ್ಕದ ಮನೆಯಿಂದ ಹಾಲು ತಂದು, ಮನೆಯಲ್ಲಿದ್ದ ಒಂದೇ ಬೆಳ್ಳಿಯ ಲೋಟದಲ್ಲಿ ಕಾಫಿ ತಂದಿಟ್ಟಳು. ಪ್ರೊಫೆಸರರು ಲೋಟವನ್ನು ನೋಡಿ, ಈಗ ಬೇಡಮ್ಮ, ಹೊತ್ತಾಗಿದೆ ಎಂದರು. ಅವರು ತನ್ನಂಥ ಬೇರೆ ಜಾತಿಯವರ ಮನೆಯ ಕಾಫಿ ಕುಡಿಯುವವರಲ್ಲ ಎಂಬುದು ಹೊಳೆದು ಅವನು ತಲೆ ತಗ್ಗಿಸಿದ. ಲೋಟ ಕಟ್ಟೆಯ ಮೇಲೆ ಹಬೆಯಾಡುತ್ತಿತ್ತು. ಅವಳು ಬಾಗಿಲ ಮರೆಯಲ್ಲಿ, ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮ ಯಜಮಾನರು ಒಳ್ಳೇ ಕೆಲಸಗಾರರು ಕಣಮ್ಮ. ಹಿಂದೆ ಏನೋ ಸ್ವಲ್ಪ ತಪ್ಪು ತಿಳುವಳಿಕೆ ಆಗಿತ್ತು. ಈಗ ಎಲ್ಲ ಸರಿಹೋಗಿದೆ. ಬೆಂಗಳೂರಿಗೆ ಬಂದುಬಿಡಿ."

ಲಕ್ಷ್ಮಣಪ್ಪ ಕಾದ. ಅಷ್ಟೇ. ಕೋಕು ಇಲ್ಲ, ಗಂಧಕ ಇಲ್ಲ, ಯಾರ ತಪ್ಪು ಎಂಬುದಿಲ್ಲ. ಪ್ರೊಫೆಸರರು ಕೈಗೋಲು ಹುಡುಕುತ್ತಿದ್ದರು. ಆಗ ಬಾಗಿಲ ಮರೆಯಿಂದ ಶ್ಯಾಮಲಮ್ಮ, ಇಷ್ಟು ವರ್ಷದ ಭಾರ ಒಮ್ಮೆಲೇ ಇಳಿದವಳಂತೆ ಕಣ್ಣೊರೆಸಿಕೊಳ್ಳುತ್ತ ಹೇಳಿದಳು:

"ನಿಮ್ದು ದೊಡ್ಮನ್ಸು ಸ್ವಾಮಿ. ಇವ್ರು ಆ ಸೀಸೆಗೆ ಪೆಟ್ರೋಲು ಉಯ್ದಿದ್ನ ಮನ್ಸಿಗೆ ಇಟ್ಕೊಳ್ದೆ ಮನೆಗಂಟ ಬಂದ್ರಲ್ಲ. ಬುದ್ಧಿಯಿಲ್ದೆ ಮಾಡ್ಬುಟ್ರು. ಅವತ್ತಿಂದ ಒಂದಿನಾನೂ ನೆಮ್ದಿಯಾಗಿ ನಿದ್ದೆ ಮಾಡಿಲ್ಲ ಇವ್ರು."

ಪ್ರೊಫೆಸರರ ಕೈ ಕೋಲಿನ ಮೇಲೆ ನಿಂತಿತು. "ಉಯ್ದಿದ್ದು? ಏನು ಉಯ್ದಿದ್ದು?"

ಚೌಕಟ್ಟಿನ ಮೇಲಿದ್ದ ಕೈ ಒಳಗೆ ಸರಿಯಿತು.

"ಏನಿದು ಲಕ್ಷ್ಮಣಪ್ಪ?"

"ಇಲ್ಲ ಸಾರ್. ಅದು… ನಾನು ಇವಳಿಗೆ ಹಾಗೆ ಹೇಳಿದ್ದೆ. ಮಾಡಿದ್ದೆ ಅಂತಲ್ಲ. ಮಾಡಿದ್ದೆ ಅಂತ ಹೇಳಿದ್ದೆ."

"ಮಾಡದೆ ಯಾಕೆ ಹೇಳಿದ್ರಿ?"

ಹೇಳಿದ್ರಿ. ಆ ಬಹುವಚನ ಜಗಲಿಯ ಮೇಲೆ ಬಂದು ಕುಳಿತುಬಿಟ್ಟಿತು. ಅವನು ಬಾಯಿ ತೆರೆದ. ಯಾಕೆ ಹೇಳಿದೆ? ನೀವು ಹಾಗೆ ನೋಡಿದಿರಿ, ಅದಕ್ಕೆ. ನಾನು ಮಾಡಿರದಿದ್ದರೆ ಆ ನೋಟಕ್ಕೆ ಅರ್ಥವೇ ಇರುತ್ತಿರಲಿಲ್ಲ, ಅದಕ್ಕೆ. ಇದನ್ನು ಯಾವ ಭಾಷೆಯಲ್ಲಿ ಹೇಳುವುದು? ಗಂಟಲು ಕೆರೆದು ಕೆಮ್ಮು ಬಂತು. ನಿಜವಾದ ಕೆಮ್ಮು, ನಿಲ್ಲಲೇ ಇಲ್ಲ. ಪ್ರೊಫೆಸರರು ಮರ್ಯಾದೆಯಿಂದ ಅದು ಮುಗಿಯುವವರೆಗೆ ಕಾದರು.

"ಪುಡಿಯೇನೋ ಸರಿ, ಅದು ಬೇರೆಯವರ ಕೈಯಲ್ಲಿ ಸಾಬೀತಾಗಿದೆ. ಆದರೆ ನಿಮ್ಮ ಮೊದಲನೇ ಅಂಕಿಗಳನ್ನ ಹಾಕೋದು ಈಗ ಹೇಗೆ? ನಾಳೆ ಯಾರಾದರೂ ಕೇಳಿದರೆ…" ಅವರು ಮೆಟ್ಟಿಲಿಳಿದರು. "ಆ ಜಾಗದ ವಿಷಯ ನೋಡೋಣ. ಕಾಗದ ಬರೀತೀನಿ."

ಕಾಗದ ಬರುವುದಿಲ್ಲ. ಬರುವುದಾಗಿದ್ದರೆ ಎರಡು ವರ್ಷದ ಹಿಂದೆ ಬರುತ್ತಿತ್ತು. ಡ್ರೈವರು ಹ್ಯಾಂಡಲು ತಿರುಗಿಸಿದ. ಕಾರು ಎರಡು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಎದುರು ಮನೆಯವರು ಹೊರಗೆ ಬಂದು ನಿಂತಿದ್ದರು. ಲಕ್ಷ್ಮಣಪ್ಪ ಜಗಲಿಯಿಂದ ಇಳಿದು ಹೋಗಿ ಹಿಂದಿನ ಕಿಟಕಿಯ ಮೇಲೆ ಕೈಯಿಟ್ಟ. ಬಗ್ಗಲಿಲ್ಲ, ಬಗ್ಗಲು ಮರೆತುಹೋಗಿತ್ತು.

"ನಾನು ಉಯ್ಯಲಿಲ್ಲ" ಎಂದ.

ಪ್ರೊಫೆಸರರು, ಆಗಲಿ, ಆಗಲಿ ಎಂದು ಜ್ವರದವನಿಗೆ ತಲೆಯಾಡಿಸುವಂತೆ ಆಡಿಸಿದರು.

"ಆಗಲಿ ಅಲ್ಲ. ಕೋಕು ಹಾಕಿಸಿದ್ದು ನೀವು. ನನಗೆ ಹೇಳಲಿಲ್ಲ. ಗೊತ್ತಾದ ಮೇಲೆ ಒಂದು ಕಾರ್ಡು ಹಾಕಲಿಲ್ಲ. ಮೂರು ಕಾಸಿನ ಕಾರ್ಡು."

ಇಂಜಿನ್ನು ಹತ್ತಿಕೊಂಡಿತು. ಅವನ ಕೊನೆಯ ಮಾತು ಅವರಿಗೆ ಕೇಳಿತೋ ಇಲ್ಲವೋ. ಅವರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಎದುರಿಗೆ ನೋಡುತ್ತಿದ್ದರು. ಕಾರು ಧೂಳಿನಲ್ಲಿ ಹೊಸೂರಿನ ಕಡೆ ತಿರುಗಿತು. ಕೊಳವೆ, ಕರಿಯ ಪುಡಿ, ಹೊಳೆಯುವ ಪದರ ಎಲ್ಲವೂ ಆ ಕಾರಿನಲ್ಲೇ ಹೋದವು. ನಾಳೆ ಐದನೇ ಫಾರಂ. ನಾಡಿದ್ದೂ ಐದನೇ ಫಾರಂ.

ಶ್ಯಾಮಲಮ್ಮ ಬಾಗಿಲಲ್ಲಿ ಕುಸಿದು ಕುಳಿತಿದ್ದಳು. ಅವನು ಬಂದು ಜಗಲಿಯ ಅಂಚಿನಲ್ಲಿ ಕುಳಿತು, ಕಾಡಿನಲ್ಲಿ ಕೇಳಿದ್ದನ್ನೆಲ್ಲ, ಕೋಕು, ಟ್ಯಾಂಕಿನ ನೀರು, ಬೀರುವಿನಲ್ಲಿ ಉಳಿದ ಪುಡಿ, ಒಂದೊಂದಾಗಿ ಹೇಳಿದ. ಅವಳು ಸೆರಗಿನ ತುದಿಯನ್ನು ಹಿಂಡುತ್ತ ಕೇಳಿದಳು.

"ನನ್ ಬಾಯಿಂದ್ಲೇ ನಿಮ್ ಕೆಲ್ಸ ಹೋಯ್ತು" ಎಂದಳು.

"ನಿನ್ನಿಂದ ಅಲ್ಲ."

"ಮತ್ತೆ ನಂಗ್ಯಾಕಂಗೇಳಿದ್ರಿ?" ಅವಳ ದನಿ ಏರಿತು. "ನೀವೇಳಿದ್ರಿ, ನಾನು ನಂಬ್ದೆ. ಗಂಡ ಹೇಳಿದ್ನ ನಂಬ್ದಿದ್ರೆ ಇನ್ಯಾರ್ ಹೇಳಿದ್ನ ನಂಬ್ಲಿ? ನನ್ ತಮ್ಮನ್ ತಲೆಮೇಲೆ ಅಕ್ಷತೆ ಹಾಕ್ನಿಲ್ಲ ನಾನು. ಊರೋರ್ಗೆಲ್ಲ ಸುಳ್ಳೇಳ್ದೆ. ಕಳ್ನ ಕೂಡೆ ಬಾಳಿದ್ರೂ ಬಾಳ್ತೀನಿ ಅಂತ ಹಲ್ಕಚ್ಕೊಂಡಿದ್ದೆ. ಮಾಡ್ದೇ ಇದ್ದ ತಪ್ಪಿಗಾ?"

"ಅವತ್ತು ನೀನು ಕೇಳ್ತೀಯ ಅಂತಿದ್ದೆ."

"ಏನು ಕೇಳ್ಳಿ?"

"ಉಯ್ದ್ರಾ ಅಂತ. ನಿಜವಾಗ್ಲೂ ಉಯ್ದ್ರಾ ಅಂತ. ಯಾರೂ ಕೇಳಲಿಲ್ಲ ಕಣೆ. ಅವರು, ಸೇರಿರಬಹುದಾ, ಅಂತ ಕೇಳಿದ್ರು. ನೀನು, ಯಾರಿಗಾದರೂ ಗೊತ್ತಾ, ಅಂತ ಕೇಳಿದೆ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಎದ್ದು ಬಂದು, ಕಟ್ಟೆಯ ಮೇಲೆ ಕೆನೆಗಟ್ಟಿ ತಣ್ಣಗಾಗಿದ್ದ ಕಾಫಿಯನ್ನು ಎತ್ತಿ ಅರ್ಧ ತಾನು ಕುಡಿದು, ಬೆಳ್ಳಿಯ ಲೋಟವನ್ನು ಅವನ ಕೈಗೆ ಕೊಟ್ಟಳು. ಎದುರು ಮನೆಯವರು ಇನ್ನೂ ನಿಂತಿದ್ದರು. ಅವರ ಕಡೆ ಬೆನ್ನು ಮಾಡಿ ಅವಳು ಅವನ ಮುಂದೆ ಕುಳಿತಳು.

"ಉಯ್ದ್ರಾ?"

ಅವನ ಬಾಯಲ್ಲಿ ಕಾಫಿ ಇತ್ತು. ನುಂಗಿದ.

"ಇಲ್ಲ."

"ಇನ್ನೊಂದ್ಸಲ ಹೇಳಿ."

"ಇಲ್ಲ."

ಅವಳು ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. "ನಾಳೇನೂ ಕೇಳ್ತೀನಿ" ಎಂದಳು. "ನಾಡಿದ್ದೂ ಕೇಳ್ತೀನಿ. ಹಿಂಗೇ ಹೇಳ್ಬೇಕು."